ಜೂನ್ ತಿಂಗಳ ಟಿಟ್ಟಿಭ

ನಮ್ಮಣ್ಣ ಕಲ್ಲು ಎಸೆದದ್ದು ದೇವದುರ್ಗದ ಆಚೆ, ಕೃಷ್ಣಾ ನದಿಯ ದಂಡೆಯಲ್ಲಿ. ನಾನು ಆಗ ಮರಳಿನ ಮೇಲೆ ಬೋರಲು ಮಲಗಿದ್ದೆ. ಸೀರೆಯ ಸೆರಗನ್ನು ತಲೆಗೆ ಸುತ್ತಿಕೊಂಡು, ಕ್ಯಾಮೆರಾವನ್ನು ಒಂದು ಮರಳಿನ ಗುಡ್ಡೆಗೆ ಆನಿಸಿ, ನೀರಿನಂಚಿಗೆ ನಿಂತಿದ್ದ ಬಣ್ಣದ ಕೊಕ್ಕರೆಗಳು ನನ್ನನ್ನು ಮರೆಯಲಿ ಅಂತ ಕಾಯುತ್ತಿದ್ದೆ. ಅವು ಮರೆತೂ ಇದ್ದವು. ಒಂದಂತೂ ಕೊಕ್ಕು ತೆರೆದು ನೀರಿನಲ್ಲಿ ಮೀನು ತಡಕುತ್ತ ನನ್ನ ಕಡೆಗೇ ಬರತೊಡಗಿತ್ತು. ಅಷ್ಟರಲ್ಲಿ ಹಿಂದಿನಿಂದ ಕಲ್ಲು ಬಂದು ನೀರಿಗೆ ಬಿತ್ತು. ಇಡೀ ಗುಂಪು ಎದ್ದು ಆಚೆ ದಂಡೆಯ ಕಡೆ ಹಾರಿತು. ಅಣ್ಣನ ಕ್ಯಾಮೆರಾ ಪಟಪಟ ಸದ್ದು ಮಾಡಿತು.

"ನೋಡು, ಹಾರೋ ಫೋಟೋ ಬಂತು," ಅಂದ. "ನೀ ಹೊತ್ತು ಮುಳುಗೋ ತನಕ ಮಕ್ಕೊಂಡಿದ್ರೂ ಇದು ಸಿಗತಿರಲಿಲ್ಲ."

"ಕಲ್ಲು ಒಗದು ಎಬ್ಬಿಸಿದ್ದು ಫೋಟೋ ಆಗತದೇನಣ್ಣ?"

"ಮದುವ್ಯಾಗ ನಾ ಹೇಳಿದ ಮ್ಯಾಲ ಅಲ್ಲೇನು ಜನ ಅಕ್ಕಿಕಾಳು ಒಗಿಯೋದು? ಅದು ಫೋಟೋ ಅಲ್ಲೇನು ಮತ್ತ?"

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ. ಇಂಥ ಅಣ್ಣನಿದ್ದರೆ ಅದು ಇನ್ನೆಲ್ಲಿ ಇರಬೇಕು? ಅವತ್ತು ರಾಯಚೂರು ಮುಟ್ಟುವ ತನಕ ಕಾರಿನಲ್ಲಿ ನಾನು ಅವನ ಜೊತೆ ಒಂದು ಮಾತೂ ಆಡಲಿಲ್ಲ.

ರಾಯಚೂರಿನಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಅಣ್ಣ ಮದುವೆಗಳ ಫೋಟೋ ತೆಗೆಯುತ್ತಾನೆ. ನಾನು ಕಂಪ್ಯೂಟರಿನ ಮುಂದೆ ಕೂತು ಆಲ್ಬಮ್ ಕೂಡಿಸುತ್ತೇನೆ, ಬಸುರಿಯರ ಕುಬಸ, ಅರಿಶಿನ, ತೊಟ್ಟಿಲು ಇಂಥ ಹೆಣ್ಣುಮಕ್ಕಳ ಕಾರ್ಯಗಳಿಗೆ ಕ್ಯಾಮೆರಾ ಹಿಡಿದು ಹೋಗುತ್ತೇನೆ. ಇದೇ ಊರಿಗೆ ಮದುವೆಯಾದದ್ದರಿಂದ ಸ್ಟುಡಿಯೋ ಬಿಡುವ ಪ್ರಸಂಗ ನನಗೆ ಬರಲಿಲ್ಲ. ಅಣ್ಣನ ಕೈ ಒಳ್ಳೆಯದು, ಸುಳ್ಳು ಹೇಳಬಾರದು. ಆದರೆ ಅವನ ಫೋಟೋದಲ್ಲಿ ತಾನಾಗಿ ಆದದ್ದು ಯಾವುದೂ ಇರುವುದಿಲ್ಲ. ತಾಳಿ ಕಟ್ಟುವಾಗ ಯಾರದೋ ತಲೆ ಅಡ್ಡ ಬಂದರೆ ಮದುಮಗನ ಕೈಯಲ್ಲಿ ಇನ್ನೊಮ್ಮೆ ಕಟ್ಟಿಸುತ್ತಾನೆ. ಮಗಳನ್ನು ಕಳಿಸಿಕೊಡುವಾಗ ಅಳುವ ತಾಯಿಗೆ, "ಯವ್ವಾ, ಈ ಕಡಿ ಮುಖ ಮಾಡಿ ಇನ್ನೊಂದೀಟು ಅಳ್ರಿ," ಅನ್ನುತ್ತಾನೆ. ಆಕೆ ಪಾಪ ಅಳುತ್ತಾಳೆ ಕೂಡ. ಇಪ್ಪತ್ತು ವರ್ಷ ಜನ ಅವನ ಮಾತು ಕೇಳಿ ಕೇಳಿ, ಜಗತ್ತೇ ತನ್ನ ಮಾತು ಕೇಳುತ್ತದೆ ಅನ್ನುವ ಗತ್ತು ಅವನಿಗೆ ಬಂದುಬಿಟ್ಟಿದೆ.

ನನಗೆ ಹಕ್ಕಿಗಳ ಹುಚ್ಚು ಹಿಡಿದದ್ದೇ ಅದಕ್ಕೆ ಇರಬೇಕು. ಅವು ಯಾರ ಮಾತೂ ಕೇಳುವುದಿಲ್ಲ. ಬಿಡುವಿದ್ದಾಗ ಹಿತ್ತಲಲ್ಲಿ, ಮಟಮಾರಿ ಕಡೆಯ ಹೊಲಗಳಲ್ಲಿ, ಮಾನ್ವಿಯ ಕಾಲುವೆ ಬದುಗಳಲ್ಲಿ ಕೂತು ತೆಗೆದ ಫೋಟೋಗಳನ್ನು ಸ್ಟುಡಿಯೋದ ಒಂದು ಗೋಡೆಗೆ ಹಾಕಿದ್ದೆ. ಮಾನ್ವಿಯ ಒಬ್ಬ ಅಕ್ಕಿ ಗಿರಣಿ ಸಾಹುಕಾರರು ಮೊಮ್ಮಗಳ ಆಲ್ಬಮ್ ಒಯ್ಯಲು ಬಂದವರು ಅದನ್ನು ನೋಡಿದರು. ಅವರು ವರ್ಷಾವರ್ಷ ತಮ್ಮ ಗಿರಣಿಯ ಕ್ಯಾಲೆಂಡರ್ ಮಾಡಿಸಿ ಊರೂರಿಗೆ ಹಂಚುತ್ತಿದ್ದರು.

"ಬರೋ ವರ್ಷ ನಮ್ಮ ಸೀಮಿ ಹಕ್ಕಿನೇ ಹಾಕೋಣ್ರಿ," ಅಂದರು. "ಹನ್ನೆರಡು ತಿಂಗಳಿಗೆ ಹನ್ನೆರಡು. ಜೂನಿಗೆ ಮಾತ್ರ ತಾಯಿ ಮಕ್ಕಳದು ಇರಲಿ. ಮಿರಗಾ ಮಳಿ ಕೂಡೋ ತಿಂಗಳು, ರೈತರು ಬಿತ್ತತಾರ. ನೋಡಿದವರಿಗಿ ಜೀವ ತಣ್ಣಗಾಗಬೇಕು."

ಅಣ್ಣ ಹೂಂ ಅಂದುಬಿಟ್ಟ. ಫೋಟೋ ನನ್ನವು, ಹುಚ್ಚು ನನ್ನದು, ಹೂಂ ಅಂದವನು ಅವನು. ಅಲ್ಲಿಂದ ನಮ್ಮಿಬ್ಬರ ತಿರುಗಾಟ ಶುರುವಾಯಿತು. ನದಿಯ ಕಲ್ಲಿನ ಕತೆ ಹೇಳಿದೆನಲ್ಲ, ಮಸರಕಲ್ ಊರಿನಲ್ಲಿ ಇನ್ನೊಂದು. ಅಲ್ಲಿ ಒಂದು ಬಾವಿಯ ಮೇಲೆ ಬಾಗಿದ ಜಾಲಿ ಗಿಡದಲ್ಲಿ ಗೀಜಗಗಳು ಗೂಡು ನೇಯಲು ಹಿಡಿದಿದ್ದವು. ಅಣ್ಣ ಮೊಬೈಲಿನಲ್ಲಿ ಬೇರೆ ಗೀಜಗದ ಕೂಗು ಹಾಕಿ ಜೋರು ಮಾಡಿದ. ಗಂಡು ಹಕ್ಕಿಗಳು ಬಾಯಲ್ಲಿದ್ದ ಹುಲ್ಲಿನೆಳೆ ಬಿಟ್ಟು ಕಾಣದ ವೈರಿಗಾಗಿ ಹುಡುಕಾಡತೊಡಗಿದವು. ನಾನು ಮೊಬೈಲ್ ಕಸಿದುಕೊಂಡೆ. ಬಾವಿಗೆ ಒಗೆಯಬೇಕಿತ್ತು, ಒಗೆಯಲಿಲ್ಲ.

ನಾನೂ ನನ್ನ ಗಂಡನೂ ಇರುವ ಮನೆ ಊರಂಚಿನ ಹೊಸ ಲೇಔಟಿನಲ್ಲಿದೆ. ಹಿತ್ತಲ ಗೋಡೆಯಾಚೆ ಇನ್ನೂ ಯಾರೂ ಕಟ್ಟದ ಒಂದು ಸೈಟು. ಗರಸು ಮಣ್ಣು, ಸಣ್ಣ ಕಲ್ಲು, ಅಲ್ಲೊಂದು ಇಲ್ಲೊಂದು ತಂಗಡಿ ಗಿಡ, ಅಷ್ಟೇ. ಮೇ ತಿಂಗಳಲ್ಲಿ ಅಲ್ಲಿ ಒಂದು ಟಿಟ್ಟಿಭ ಜೋಡಿ ತತ್ತಿ ಇಟ್ಟಿತು. ಈ ಹಕ್ಕಿಯನ್ನು ನೀವೂ ನೋಡಿರುತ್ತೀರಿ: ಉದ್ದನೆಯ ಹಳದಿ ಕಾಲು, ಕಪ್ಪು ಎದೆ, ಕಣ್ಣಿನ ಮುಂದೆ ಒಂದು ಚೂರು ಕೆಂಪು ತೊಗಲು, ನಾಯಿ ಬಂದರೂ ಮನುಷ್ಯ ಬಂದರೂ ಕೇರಿಗೆಲ್ಲ ಕೇಳುವಂತೆ ಕಿರುಚಾಟ. ಗೂಡು ಕಟ್ಟುವ ಉಸಾಬರಿ ಅದಕ್ಕಿಲ್ಲ. ಬಯಲಲ್ಲಿ ಎದೆಯಿಂದ ಒತ್ತಿ ಒಂದು ತಗ್ಗು ಮಾಡಿ, ಸುತ್ತ ನಾಲ್ಕು ಹರಳು ಕೂಡಿಸಿ, ಅದರಲ್ಲೇ ತತ್ತಿ ಇಡುತ್ತದೆ. ಗರಸಿನ ಬಣ್ಣವೇ ತತ್ತಿಗೂ. ಒಂದು ಸಲ ಕಣ್ಣು ಆಚೆ ಹೊರಳಿಸಿದರೆ ಮತ್ತೆ ಹುಡುಕುವುದು ನನಗೇ ಕಷ್ಟವಾಗುತ್ತಿತ್ತು.

ರಾಯಚೂರಿನ ಮೇ ತಿಂಗಳನ್ನು ನಾನು ಹೊಸದಾಗಿ ವರ್ಣಿಸಬೇಕಿಲ್ಲ. ಮಧ್ಯಾಹ್ನ ನಲ್ಲಿ ತಿರುವಿದರೆ ಚಹಾಕ್ಕೆ ಇಟ್ಟ ನೀರು ಬಂದಂತೆ ಬರುತ್ತದೆ. ಆ ಬಿಸಿಲಲ್ಲಿ ಬಯಲಿಗೆ ಬಿದ್ದ ತತ್ತಿ ಬೆಂದುಹೋಗಬೇಕು. ಬೇಯಲಿಲ್ಲ, ಯಾಕೆಂದರೆ ಆ ಹಕ್ಕಿ ಬಿಡಲಿಲ್ಲ. ಪಕ್ಕದ ಮನೆಯಾಕೆ, ನಾನು ಖಾಲಾ ಅಂತ ಕರೆಯುವವಳು, ಭಾಂಡೆ ತೊಳೆದ ನೀರು ಗೋಡೆಯ ಮಗ್ಗುಲಿಗೆ ಹರಿದು ಒಂದು ಕಡೆ ನಿಲ್ಲುತ್ತಿತ್ತು. ಹಕ್ಕಿ ಅಲ್ಲಿಗೆ ಬಂದು, ಹೊಟ್ಟೆಯ ಗರಿಗಳು ತೊಯ್ದು ತೊಟ್ಟಿಕ್ಕುವವರೆಗೆ ನೀರಲ್ಲಿ ಕೂತು, ಅದೇ ಒದ್ದೆ ಹೊಟ್ಟೆಯಲ್ಲಿ ದಡಬಡ ಓಡಿ ತತ್ತಿಯ ಮೇಲೆ ಕೂರುತ್ತಿತ್ತು. ಅದು ಬರುವ ತನಕ ಅದರ ಜೋಡಿ ಹಕ್ಕಿ ರೆಕ್ಕೆ ಕೊಂಚ ಬಿಚ್ಚಿ ನೆರಳು ಹಿಡಿದು ನಿಂತಿರುತ್ತಿತ್ತು. ನಾನು ಹಿತ್ತಲ ಬಾಗಿಲನ್ನು ಬೆರಳಿನಷ್ಟು ತೆರೆದು ಅದರ ಸಂದಿಯಿಂದ ನೋಡುತ್ತಿದ್ದೆ. ಆ ದಿನಗಳಲ್ಲಿ ನನ್ನ ಅನ್ನ ಎಷ್ಟು ಸಲ ಹತ್ತಿಕೊಂಡಿತೋ ನನ್ನ ಗಂಡನನ್ನು ಕೇಳಬೇಕು.

ಆ ನಾಲ್ಕು ತತ್ತಿ ಒಡೆದು ಮರಿ ಹೊರಬರುವುದನ್ನು ನೋಡಬೇಕು ಅನ್ನುವುದೊಂದೇ ನನಗಿತ್ತು. ಕ್ಯಾಲೆಂಡರ್ ಗಿಲೆಂಡರ್ ಆಮೇಲೆ.

ಒಂದು ದಿನ ಅಣ್ಣ ಊಟಕ್ಕೆ ಬಂದವನು ಹಕ್ಕಿಯ ಕಿರುಚಾಟ ಕೇಳಿ ಹಿತ್ತಲಿಗೆ ಹೋದ. ಮುಚ್ಚಿಡುವಂತಿರಲಿಲ್ಲ, ಹೇಳಿದೆ. ಅವನ ಮುಖ ಅರಳಿತು.

"ಇದ ನೋಡು ನಮ್ಮ ಜೂನು! ತಾಯಿ, ತತ್ತಿ, ಎರಡೂ ಒಂದ ಫೋಟೋದಾಗ."

"ಈಗ ಬ್ಯಾಡ. ಮರಿ ಆಗಲಿ. ನಾನ ಇಲ್ಲೇ ಬಾಗಿಲಾಗ ಕುಂತು ತಗೀತೀನಿ. ನೀ ಆ ಕಡಿ ಕಾಲು ಇಡಬ್ಯಾಡ."

"ಮರಿ ಆದ್ರ ಅವತ್ತ ಓಡಿ ಹೋಗತಾವ ಅಂತ ನೀನ ಹೇಳತೀದಿ. ಆಮ್ಯಾಲ ಎಲ್ಲಿ ಹುಡಕೋದು?"

"ಸಿಗದಿದ್ರ ಸಿಗದ ಹೋಗಲಿ."

ಅವನು ನಕ್ಕು, ರೊಟ್ಟಿ ಮುರಿದು ಪುಂಡಿ ಪಲ್ಯಕ್ಕೆ ಅದ್ದಿದ. ಆ ನಗೆ ನನಗೆ ಸೇರಲಿಲ್ಲ. ಆದರೂ ಬೇಡ ಅಂದ ಮೇಲೆ ಬೇಡ ಅಂತಲೇ ಅಲ್ಲವೇ ಅರ್ಥ?

ಮುಂದಿನ ವಾರ ಗುಂಜಹಳ್ಳಿಯಲ್ಲಿ ಒಂದು ಕುಬಸವಿತ್ತು. ಬೆಳಿಗ್ಗೆಯೇ ಹೋದೆ. ಬಸುರಿ ಹುಡುಗಿಗೆ ಹಸಿರು ಬಳೆ ಇಡಿಸಿ, ಮುತ್ತೈದೆಯರು ಉಡಿ ತುಂಬಿ, ಹಾಡು ಹೇಳಿ, ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಮನೆಗೆ ಬಂದು ಕ್ಯಾಮೆರಾ ಚೀಲ ಕೂಡ ಇಳಿಸದೆ ಹಿತ್ತಲಿಗೆ ಹೋದೆ. ಹಕ್ಕಿಗಳ ಕೂಗು ಬೇರೆಯಾಗಿತ್ತು. ನಾಯಿಗೆ ಕೂಗುವ ಕೂಗಲ್ಲ ಅದು, ನಿಲ್ಲಿಸುತ್ತಲೇ ಇರಲಿಲ್ಲ. ನಾನು ಬಂದ ಸದ್ದಿಗೆ ಖಾಲಾ ಗೋಡೆಯ ಮೇಲಿಂದ ಮುಖ ಹಾಕಿದಳು. ಅವರ ಮನೆಯ ಮಾತು ದಖ್ಖನಿ, ನನ್ನ ಜೊತೆ ಕನ್ನಡ.

"ಬೇಟಿ, ನಿಮ್ಮ ಭಾಯಿ ಬಂದಿದ್ರು ನೋಡ್ರಿ. ಬಿಸಲಾಗ ಎಷ್ಟು ಮೆಹನತ್ ಮಾಡಿದ್ರು! ಫೋಟೋದ ಛತ್ರಿ ಹಚ್ಚಿದ್ರು, ಬೆಳಕಿಗಿ ಬೆಳ್ಳಿ ಹಾಳಿ ಹಿಡದ್ರು. ತತ್ತಿ ಎಲ್ಲಾ ನೆಳ್ಳಿಗಿ ಇಟ್ಟು ಹೋದ್ರು. ಒಳ್ಳೆ ಮನಸ್ಸು. ನಾ ಆಮ್ಯಾಲ ನಮಾಜಿಗಿ ಒಳಗ ಹೋದೆ."

ಇಟ್ಟು ಹೋದ್ರು ಅಂದದ್ದು ಕೇಳಿದ್ದೇ ಚೀಲ ಅಲ್ಲೇ ಇಳಿಸಿದೆ. ಗೋಡೆ ಸುತ್ತಿ ಓಡಿದೆ. ಹತ್ತು ಮಾರು ದೂರದ ತಂಗಡಿ ಗಿಡದ ಬುಡದಲ್ಲಿ ಬಿಳಿ ಗುಂಡುಗಲ್ಲುಗಳ ಒಂದು ಹಾಸಿಗೆ ಮಾಡಿತ್ತು. ಆ ಕಲ್ಲು ನನಗೆ ಗೊತ್ತು. ನಮ್ಮ ಸ್ಟುಡಿಯೋದವು, ಕೂಸುಗಳನ್ನು ಬುಟ್ಟಿಯಲ್ಲಿ ಮಲಗಿಸಿ ಫೋಟೋ ತೆಗೆಯುವಾಗ ಸುತ್ತ ಹರಡುವಂಥವು. ಅದರ ಮೇಲೆ ತತ್ತಿ ಇರಲಿಲ್ಲ. ಚಿಪ್ಪು ಇತ್ತು, ಒಣಗಿದ ಅಂಟು ಇತ್ತು, ಇರುವೆ ಇದ್ದವು. ಒಂದು ಚಿಪ್ಪಿನಲ್ಲಿ ಕಡ್ಡಿಯಂಥ ಎರಡು ಕಾಲು ಇದ್ದವು. ವಿದ್ಯುತ್ ತಂತಿಯ ಮೇಲೆ ಎರಡು ಕಾಗೆ ಕೊಕ್ಕು ಒರೆಸುತ್ತ ಕೂತಿದ್ದವು. ಗರಸಿನಲ್ಲಿ ನನ್ನ ಕಣ್ಣಿಗೇ ಕಾಣದ ತತ್ತಿಗಳನ್ನು ಅಣ್ಣ ಬಿಳಿ ಕಲ್ಲಿನ ಮೇಲೆ, ತಟ್ಟೆಯಲ್ಲಿ ಬಡಿಸಿದ ಹಾಗೆ, ಬಡಿಸಿ ಹೋಗಿದ್ದ.

ಕಾಗೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದರ ಹೊಟ್ಟೆಪಾಡು. ನನ್ನೆಲ್ಲ ಸಿಟ್ಟು ಒಬ್ಬನ ಮೇಲೇ ಹೋಯಿತು. ಆ ಹೊತ್ತಿನಲ್ಲಿ ಅವನು ಎದುರಿಗಿದ್ದರೆ ಅಣ್ಣ ಅಂತ ನೋಡುತ್ತಿರಲಿಲ್ಲ, ಆ ಬಿಳಿ ಕಲ್ಲನ್ನೇ ತೆಗೆದು ಬೀಸುತ್ತಿದ್ದೆ.

ತಿರುಗಿ ಬಂದು ಬಾಗಿಲ ಸಂದಿಯಲ್ಲಿ ಕೂತೆ. ಯಾಕೆ ಕೂತೆನೋ ಗೊತ್ತಿಲ್ಲ, ಅಭ್ಯಾಸ. ಸ್ವಲ್ಪ ಹೊತ್ತಿಗೆ ಹೆಣ್ಣು ಹಕ್ಕಿ ಖಾಲಾಳ ನೀರಿಗೆ ಬಂತು. ಹೊಟ್ಟೆ ತೋಯಿಸಿಕೊಂಡಿತು. ಓಡಿತು. ತಂಗಡಿ ಗಿಡದ ಕಡೆ ತಿರುಗಿ ಕೂಡ ನೋಡಲಿಲ್ಲ. ತನ್ನ ಹಳೆಯ ತಗ್ಗಿಗೇ ಹೋಗಿ, ಗರಿಗಳನ್ನು ಉಬ್ಬಿಸಿ, ಕಾಲು ಮಡಚಿ, ಕೆಳಗೆ ಏನೋ ಇದೆ, ಅದಕ್ಕೆ ಪೆಟ್ಟಾಗಬಾರದು ಅನ್ನುವ ಹಾಗೆ ಮೆಲ್ಲಗೆ ಇಳಿಯತೊಡಗಿತು. ಕೆಳಗೆ ಒಣ ಮಣ್ಣು ಮಾತ್ರ ಇತ್ತು. ಹೊಟ್ಟೆಯ ನೀರು ಆ ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ನಾನು ಅತ್ತೆ, ಅಳುತ್ತಲೇ ಫೋಟೋ ತೆಗೆದೆ. ಅಣ್ಣನ ಮುಖಕ್ಕೆ ಹಿಡಿಯಲೆಂದೇ ತೆಗೆದೆ.

ಮರುದಿನ ಅವನು ಸ್ಟುಡಿಯೋಕ್ಕೆ ಬರುವ ಮೊದಲೇ ಆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ತೆರೆದಿಟ್ಟು ಕೂತಿದ್ದೆ.

"ನೋಡು. ಕಣ್ಣು ಬಿಟ್ಟು ನೋಡು. ಅಲ್ಲಿ ಏನದ ಹೇಳು."

"ಏನೂ ಇಲ್ಲ."

"ಏನೂ ಇಲ್ಲ! ನೀ ಮಾಡಿದ್ದು ಇದು. ಬ್ಯಾಡ ಅಂತ ಹೇಳಿದ್ದಿಲ್ಲೇನು ನಾ?"

"ಬಿಸಲಾಗ ಸುಡಾಕತ್ತಿದ್ದವು ಬೇ. ಮುಟ್ಟಿದ್ರ ಬಿಸಿ. ಒಳ್ಳೇದಾಗಲಿ ಅಂತ ನೆಳ್ಳಿಗಿ ಇಟ್ಟೆ. ಫೋಟೋನೂ ಚೊಲೊ ಬರತದ ಅಂದ್ಕೊಂಡೆ. ಹಕ್ಕಿ ಬರಲೇ ಇಲ್ಲ."

"ಹ್ಯಾಂಗ ಬರತದ? ಅದಕ್ಕ ತನ್ನ ಜಾಗ ಗೊತ್ತು, ನಿನ್ನ ಬಿಳಿ ಕಲ್ಲು ಗೊತ್ತಿಲ್ಲ. ತತ್ತಿ ಹ್ಯಾಂಗ ಇಟ್ಟಿದ್ದಿ, ಅದನ್ನರ ಹೇಳು."

"ಸಾಲಾಗಿ. ನಾಲ್ಕೂ ಕಾಣಬೇಕಲ್ಲ."

ಆಗ ನನ್ನ ಬಾಯಿಗೆ ಹಿಡಿತ ಉಳಿಯಲಿಲ್ಲ. "ಬೀಗರ ಗ್ರೂಪ್ ಫೋಟೋ ಅಂತ ತಿಳದೀದಿ ಏನು ಸಾಲಾಗಿ ನಿಂದ್ರಸಾಕ? ನಾಲ್ಕೂ ತತ್ತಿ ಚೂಪು ತುದಿ ಒಳಗ ಮಾಡಿ ಕೂಡಿಸಿ ಇಟ್ಟಿರತದ ಅದು. ಯಾಕ ಗೊತ್ತದೇನು? ಅಂದ್ರನ ಅದರ ಹೊಟ್ಟಿ ಕೆಳಗ ನಾಲ್ಕೂ ಹಿಡೀತಾವ. ಅಷ್ಟು ಬುದ್ಧಿ ಇರೋ ಹಕ್ಕಿಗಿ ನೀ ಕಲಸಾಕ ಹೋಗೀದಿ!"

ಅವನು ಪರದೆಯ ಹತ್ತಿರ ಬಾಗಿ ಆ ಖಾಲಿ ತಗ್ಗನ್ನು ನೋಡಿದ. ಆಮೇಲೆ, "ಮತ್ತ ಇಡತಾವ ಬಿಡು," ಅಂದು ಚಹಾ ಕುಡಿಯಲು ಎದ್ದು ಹೋದ.

ಮತ್ತೆ ಇಡುತ್ತವೆ! ಕೂಸು ಕಳೆದುಕೊಂಡ ಮನೆಗೆ ಮಾತಾಡಿಸಲು ಹೋದಾಗ ಹೀಗೆ ಅಂದು ಬರುತ್ತಾನೆಯೇ? ಅವತ್ತೇ ಹೇಳಿದೆ, ಆ ಕ್ಯಾಲೆಂಡರಿಗೆ ನನ್ನ ಹೆಸರು ಬೇಡ, ನನ್ನ ಕೈಯಿಂದ ಒಂದು ಗೆರೆ ಕೆಲಸವೂ ಇಲ್ಲ. ಮುಂದಿನ ತಿಂಗಳುಗಳಲ್ಲಿ ನಾವು ಒಂದೇ ಸೂರಿನಡಿ ಕೂತು ಆಲ್ಬಮ್ಮಿನ ಅಳತೆ, ಮುಹೂರ್ತದ ಹೊತ್ತು, ಇಷ್ಟನ್ನೇ ಮಾತಾಡಿದೆವು. ಅತ್ತಿಗೆ ನಡುವೆ ಬಂದು, ಒಂದು ಹಕ್ಕಿ ತತ್ತಿಗೆ ಒಡಹುಟ್ಟಿದವರು ಹಿಂಗ ಮಾಡತಾರೇನು ಅಂತ ಕೇಳಿದಳು. ಮಾಡುತ್ತಾರೆ ಅಂದೆ.

ಡಿಸೆಂಬರಿನಲ್ಲಿ ಸಾಹುಕಾರರು ತಾವೇ ಫೋನ್ ಮಾಡಿ ಕರೆದರು. ಹಿರಿಯರು, ಇಲ್ಲ ಅನ್ನಲಾಗಲಿಲ್ಲ. ಅಣ್ಣನ ಕಾರಿನಲ್ಲೇ ಮಾನ್ವಿಗೆ ಹೋದೆ. ಗಿರಣಿಯ ಅಂಗಳದಲ್ಲಿ ಶಾಮಿಯಾನ ಹಾಕಿ, ಭತ್ತದ ಚೀಲಗಳನ್ನು ಒಂದು ಕಡೆ ಸರಿಸಿ ಕುರ್ಚಿ ಹಾಕಿದ್ದರು. ಮಠದ ಅಜ್ಜಾರು ಬಂದಿದ್ದರು, ರೈತರು, ವ್ಯಾಪಾರಸ್ತರು, ಅವರ ಮನೆಯ ಹೆಣ್ಣುಮಕ್ಕಳು ಬಂದಿದ್ದರು. ವೇದಿಕೆಯ ಹಿಂದೆ, ಕ್ಯಾಲೆಂಡರಿನ ಒಂದು ಪುಟವನ್ನೇ ಆಳೆತ್ತರ ಮಾಡಿ ಕಟ್ಟಿದ್ದರು. ಜೂನ್.

ಟಿಟ್ಟಿಭ ಗರಿ ಉಬ್ಬಿಸಿ, ಕಾಲು ಮಡಚಿ, ಮೆಲ್ಲಗೆ ಇಳಿಯುತ್ತಿದೆ. ಹೊಟ್ಟೆಯಿಂದ ನೀರಿನ ಹನಿ ಬೀಳುತ್ತಿದೆ. ಕೆಳಗೆ ನಾಲ್ಕು ತತ್ತಿ.

ಅದು ನನ್ನ ಫೋಟೋ. ಅಣ್ಣನ ಮುಖಕ್ಕೆ ಹಿಡಿಯಲು ತೆಗೆದದ್ದು. ಅಲ್ಲಿ ಇಲ್ಲದ ತತ್ತಿಗಳನ್ನು ಅವನು ಕಂಪ್ಯೂಟರಿನಲ್ಲಿ ಕೂಡಿಸಿದ್ದ. ನಮ್ಮ ಕಸುಬಿನಲ್ಲಿ ಇದು ದಿನಾ ನಡೆಯುವ ಕೆಲಸ. ಮದುವೆಗೆ ಬರಲಾಗದ ಚಿಕ್ಕಪ್ಪನನ್ನು, ತೀರಿಹೋದ ಅಜ್ಜನನ್ನು ಬೇರೆ ಫೋಟೋದಿಂದ ಕತ್ತರಿಸಿ ತಂದು ಮದುಮಕ್ಕಳ ಮಗ್ಗುಲಿಗೆ ನಿಲ್ಲಿಸುತ್ತೇವೆ, ಮನೆಯವರು ಕಣ್ಣಿಗೊತ್ತಿಕೊಳ್ಳುತ್ತಾರೆ. ನಾನೂ ಎಷ್ಟೋ ಮಾಡಿದ್ದೇನೆ. ಆದರೆ ಇದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು.

ನನ್ನ ಪಕ್ಕದ ಹೆಣ್ಣುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ತಾಯಿ ಅಂದ್ರ ಹಿಂಗ ನೋಡ್ರಿ. ಪ್ರಾಣಿ ಪಕ್ಷಿಗಿ ಇರೋ ಕರಳು ಮನಷ್ಯಾರಿಗಿ ಇಲ್ಲ."

ಸಾಹುಕಾರರು ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಎರಡು ಮಾತಾಡಿ ಅಂತ ಮೈಕು ಕೊಟ್ಟರು. ನಾನು ಎರಡೇ ಮಾತಾಡಿದೆ.

"ಈ ಹಕ್ಕಿ ಖಾಲಿ ನೆಲದ ಮ್ಯಾಲ ಕುಂತದ್ರಿ. ತತ್ತಿ ಅವತ್ತ ಕಾಗಿ ತಿಂದಿದ್ದವು, ನಾವ ತಿನಸೀವಿ."

ಅಣ್ಣ ತಲೆ ತಗ್ಗಿಸಿದ. ಸಾಹುಕಾರರು ಮೆತ್ತಗೆ ನನ್ನ ಕೈಯಿಂದ ಮೈಕು ತಗೊಂಡು, "ನಮ್ಮ ತಂಗಿ ಭಾಳ ಸೂಕ್ಷ್ಮ ಮನಸ್ಸಿನಾಕಿ," ಅಂದರು. ಜನ ಚಪ್ಪಾಳೆ ತಟ್ಟಿದರು. ಯಾವುದಕ್ಕೆ ತಟ್ಟಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಮಂಡಾಳ ಒಗ್ಗರಣೆ, ಮಿರ್ಚಿ ಕೊಟ್ಟರು. ಎಲ್ಲರ ಕೈಯಲ್ಲೂ ಸುತ್ತಿದ ಒಂದೊಂದು ಕ್ಯಾಲೆಂಡರ್.

ವಾಪಸು ಬರುವಾಗ ಕಾರಿನಲ್ಲಿ ನನ್ನ ತೊಡೆಯ ಮೇಲೂ ಒಂದಿತ್ತು. ಹರಿದು ಕಿಟಕಿಯಾಚೆ ಒಗೆಯಲೆಂದೇ ಜೂನ್ ಪುಟ ಬಿಚ್ಚಿದೆ. ಹತ್ತಿರದಿಂದ ನೋಡಿದಾಗ ಕೈ ತಡೆಯಿತು. ತತ್ತಿಗಳು ಸಾಲಾಗಿ ಇರಲಿಲ್ಲ. ನಾಲ್ಕರ ಚೂಪು ತುದಿಯೂ ಒಳಗೆ. ಗರಸಿನ ಬಣ್ಣ, ಗರಸಿನ ಚುಕ್ಕೆ, ಬಿದ್ದ ಹನಿಯಿಂದ ಒಂದಕ್ಕೆ ಒದ್ದೆಯ ಹೊಳಪು ಕೂಡ. ಬಿಳಿ ಕಲ್ಲು ಒಂದೂ ಇಲ್ಲ.

"ಯಾಕ ಮಾಡಿದಿ ಇದನ್ನ?" ಅಂದೆ.

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೀ ತೋರಿಸಿದ ಮ್ಯಾಲ ಅದು ಕಣ್ಣ ಮುಂದಿಂದ ಹೋಗಲೇ ಇಲ್ಲ. ಪಾಪ, ಏನೂ ಇಲ್ಲದ ನೆಲದ ಮ್ಯಾಲ ಅಷ್ಟು ಹಗೂರಕ ಕುಂದ್ರಾಕತ್ತಿತ್ತು. ನೋಡಾಕ ಆಗಲಿಲ್ಲ ನನಗ. ಇಲ್ಲೇರ ಇರಲಿ ಅಂತ ಇಟ್ಟೆ."

"ಚೂಪು ತುದಿ ಒಳಗ ಇರಬೇಕಂತ ಯಾರು ಹೇಳಿದ್ರು?"

"ನೀನ ಹೇಳಿದ್ದಿ. ಬೈಯೋ ಮುಂದ."

ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಕಿವಿ ಇತ್ತಲ್ಲ ಅವನಿಗೆ! ಆ ತತ್ತಿಗೆ ಕೈ ಹಾಕುವ ಮೊದಲು ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಾನು ಹಾಡಿನ ಗದ್ದಲದಿಂದ ಎದ್ದು ಹೊರಗೆ ಬಂದು ಹೇಳುತ್ತಿದ್ದೆ: ಅಣ್ಣ, ಅವು ಹ್ಯಾಂಗ ಅದಾವ ಹಂಗ ಇರಲಿ, ಮುಟ್ಟಬ್ಯಾಡ.